ಅರಮನೆಯ ಮೈಕಿನಲ್ಲಿ ಊಟಕ್ಕೆ ಕರೆದದ್ದು

ಕಟ್ಟೆಮಳಲವಾಡಿ,
೧೬ ಸೆಪ್ಟೆಂಬರ್ ೨೦೨೫, ಮಂಗಳವಾರ

ಮಗಳು ಶಾಂತಲಾಗೆ ನಿನ್ನ ಅವ್ವನ ಆಶೀರ್ವಾದ.

ಕಾಲಿನ ಊತ ಇಳಿಯಿತೇ? ಏಳು ತಿಂಗಳು ತುಂಬಿದವಳು ದಿನವೆಲ್ಲ ನಿಂತು ಪಾಠ ಮಾಡಬಾರದು. ಕುರ್ಚಿ ಹಾಕಿಸಿಕೊ. ಹೆಡ್‌ಮಾಸ್ಟರು ಏನಾದರೂ ಅಂದರೆ ನನಗೆ ತಿಳಿಸು, ಅವರಿಗೂ ಒಂದು ಕಾಗದ ಬರೆಯುತ್ತೇನೆ. ಯಾದಗಿರಿಯ ಬಿಸಿಲಿಗೆ ದೊಡ್ಡ ಮಗುವನ್ನು ಟೋಪಿಯಿಲ್ಲದೆ ಹೊರಗೆ ಬಿಡಬೇಡ. ಅಳಿಯಂದಿರು ಮನೆಕೆಲಸಕ್ಕೆ ಕೈ ಹಾಕುತ್ತಿದ್ದಾರೆಂದು ಕೇಳಿ ಸಂತೋಷವಾಯಿತು. ಹಾಗೆಂದು ಅವರು ಒಗೆದ ಸೀರೆಯನ್ನು ಮತ್ತೆ ನೀನೇ ಒಗೆಯುತ್ತಾ ಕೂರಬೇಡ.

ಫೋನಿರುವಾಗ ಅವ್ವ ಪತ್ರ ಯಾಕೆ ಬರೆದಳು ಅನ್ನಿಸಿರಬಹುದು. ನಾನು ಫೋನು ಹಿಡಿದರೆ ನಿಮ್ಮಪ್ಪ ಪಕ್ಕದಲ್ಲೇ ಬಂದು ಕೂರುತ್ತಾರೆ. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತು, "ಲೇ, ಇದೀಯಾ?" ಎಂದು ಕೇಳುತ್ತಾರೆ. ಈಗ ಜಗಲಿಯ ಮೇಲೆ ಅವರ ಮುಂದೆ ಒಂದು ಮೊರ ಕಡಲೆಕಾಯಿ ಸುರಿದು, ಬಿಡಿಸಲು ಹೇಳಿ, ಒಳಗೆ ಬಂದು ಬರೆಯುತ್ತಿದ್ದೇನೆ. ಹೇಳಬೇಕಾದದ್ದು ಇಷ್ಟು: ದೀಪಾವಳಿ ಮುಗಿಸಿಕೊಂಡು ನಿನ್ನ ಬಾಣಂತನಕ್ಕೆ ಬರುತ್ತೇನೆಂದು ಮಾತು ಕೊಟ್ಟಿದ್ದೆನಲ್ಲ, ಆ ಮಾತನ್ನು ಉಳಿಸಿಕೊಳ್ಳಲು ಆಗುತ್ತದೋ ಇಲ್ಲವೋ ಎಂದು ನೋಡುವುದಕ್ಕೇ ನಾನು ಭಾನುವಾರ ನಿಮ್ಮಪ್ಪನ ಜೊತೆ ಮೈಸೂರಿನ ಅರಮನೆಗೆ ಹೊರಟದ್ದು. ನೀನು, "ಇಬ್ರೂ ಒಟ್ಟಿಗೆ ಎಲ್ಲೂ ಹೋಗೇ ಇಲ್ಲ, ಒಂದ್ಸಲ ಹೋಗ್ ಬನ್ರವ್ವ" ಎಂದು ಹಟ ಮಾಡಿದ್ದು ಒಂದು ನೆಪವಾಯಿತು.

ನಿಮ್ಮಪ್ಪನಿಗೆ ಮರೆವು ಬಂದಿದೆ, ಶಾಂತಲಾ. ಕನ್ನಡಕ ಎಲ್ಲಿಟ್ಟೆ ಎನ್ನುವ ಮರೆವಲ್ಲ. ಬೆಳಗಿನ ಲಿಂಗಪೂಜೆ ತಪ್ಪುವುದಿಲ್ಲ, ಆದರೆ ಕೆಲವು ದಿನ ಎರಡೆರಡು ಸಲ ಆಗುತ್ತದೆ. ನ್ಯಾಯ ಕೇಳಲು ಊರಿನವರು ಬಂದರೆ ಮೈಗೆ ಹುಷಾರಿಲ್ಲವೆಂದು ನಾನೇ ಬಾಗಿಲಲ್ಲಿ ನಿಂತು ಕಳಿಸುತ್ತೇನೆ. ನಾಲ್ಕು ಊರಿಗೆ ತೀರ್ಮಾನ ಹೇಳಿದ ಮನುಷ್ಯ ಮಾತು ತಪ್ಪಿ ನಗೆಗೀಡಾಗುವುದನ್ನು ನಾನು ನೋಡಲಾರೆ. ನಿನ್ನಣ್ಣ ಲಿಂಗರಾಜುವಿಗೆ ಹೊಗೆಸೊಪ್ಪು ಬೇಯಿಸುವ ಕಾಲ, ರಾತ್ರಿ ಹಗಲು ಸೊಪ್ಪು ಒಣಗಿಸುವ ಬ್ಯಾರನ್‌ ಹತ್ತಿರವೇ ಇರುತ್ತಾನೆ. ಅವನು ಒಂದು ಸಲ, "ಅಪ್ಪಂಗೇನೋ ಆಗದೆ ಕಣವ್ವ, ಡಾಕ್ಟ್ರಿಗೆ ತೋರ್ಸನಾ" ಅಂದ. "ನಿನ್ ಸೊಪ್ಪು ನೋಡ್ಕೋ ಹೋಗ್ಲಾ" ಎಂದು ಬಾಯಿ ಮುಚ್ಚಿಸಿದೆ. ಸೊಸೆ ಉಷಾರಾಣಿ ಎಲ್ಲ ಕಂಡಿದ್ದಾಳೆ, ನನ್ನ ಮುಖ ನೋಡಿ ಸುಮ್ಮನಿದ್ದಾಳೆ.

ಮನೆಯಿಂದ ಆಚೆ ಹೇಗಿರುತ್ತಾರೆ, ಯಾದಗಿರಿಗೆ ಜೊತೆಯಲ್ಲಿ ಕರೆತರಬಹುದೇ, ಇಲ್ಲೇ ಬಿಟ್ಟು ಬರಬಹುದೇ ಎಂದು ನೋಡಬೇಕಿತ್ತು. ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆಂದು ಕೇಳಿದಾಗ ಇವರು ನನ್ನ ಮುಖ ನೋಡಿದರು. ನಾನೇ ಮೈಸೂರು ಅಂದೆ. ಅರಮನೆಯ ಒಳಗೆ ಚೆನ್ನಾಗಿಯೇ ಇದ್ದರು. ಅಂಬಾರಿಯನ್ನು ಕಣ್ಣು ಕೀಲಿಸಿ ನೋಡಿದರು. ಕಲ್ಯಾಣಮಂಟಪದಲ್ಲಿ ತಲೆಯೆತ್ತಿ, ಬಣ್ಣದ ಗಾಜಿನ ಸೂರು, ನವಿಲಿನ ಚಿತ್ರ ಎಲ್ಲ ನೋಡಿ ನನ್ನ ಕಿವಿಯಲ್ಲಿ, "ನಾವು ಹೆಣ್ಣಿನ ಕಡೆಯೋರಾ, ಗಂಡಿನ ಕಡೆಯೋರಾ?" ಅಂದರು. "ಗಂಡಿನ ಕಡೆಯೋರು, ಸುಮ್ನೆ ನಡೀರಿ" ಅಂದೆ. ಅವರು ಮುಂದೆ, ನಾನು ಹಿಂದೆ, ಮದುವೆಯಾದಾಗಿನಿಂದ ನಡೆದಂತೆಯೇ ನಡೆದೆವು. ಆ ಜನಜಂಗುಳಿಯಲ್ಲಿ ಅವರ ಕೈ ಹಿಡಿದುಕೊಳ್ಳಬೇಕೆಂದು ಅನ್ನಿಸಿತು. ನಾಲ್ಕು ಜನರ ಮುಂದೆ ಗಂಡನ ಕೈ ಹಿಡಿದು ನಡೆಯುವ ಅಭ್ಯಾಸ ನಮಗೆಲ್ಲಿದೆ, ಹಿಡಿಯಲಿಲ್ಲ.

ಹೊರಗೆ ಬಂದು, ತೋಟದಲ್ಲಿ ಹುಲ್ಲಿನ ಅಂಚಿಗೆ ಅವರನ್ನು ನಿಲ್ಲಿಸಿ, ಚಪ್ಪಲಿ ತರಲು ಹೋದೆ. ಚಪ್ಪಲಿ ಬಿಡುವ ಜಾಗದಲ್ಲಿ ನೂಕುನುಗ್ಗಲು. ಎರಡು ಜೊತೆ ಹಿಡಿದು ಬಂದು ನೋಡಿದರೆ ಇವರಿಲ್ಲ. ಗುಲಾಬಿ ಮಡಿಗಳ ಸುತ್ತ ಬಂದೆ, ಗುಡಿಯ ಹತ್ತಿರ ನೋಡಿದೆ. ಬಿಳಿ ಪಂಚೆಯವರೆಲ್ಲ ಬೆನ್ನಿನಿಂದ ಇವರಂತೆಯೇ ಕಂಡರು. ಕೂಗಬೇಕು, ಏನೆಂದು ಕೂಗಲಿ? ಗಂಡನ ಹೆಸರು ನಾಲಿಗೆಗೆ ಬರಬಾರದೆಂದು ನನ್ನತ್ತೆ ಕಲಿಸಿದ್ದನ್ನು ನಾನು ಇವತ್ತಿನವರೆಗೆ ಮೀರಿಲ್ಲ.

ಮೈಕಿಟ್ಟುಕೊಂಡು ಕೂತಿದ್ದ ಪೊಲೀಸ್ ಹುಡುಗಿಯ ಹತ್ತಿರ ಹೋದೆ. "ಯಾರ್ ಕಳೆದೋಗಿರೋದು ಅಜ್ಜಿ?" ಅಂದಳು. "ನಮ್ ಯಜಮಾನ್ರು" ಅಂದೆ. "ಹೆಸರೇಳಿ." "ಶಾಂತಲಾ ಅವರಪ್ಪ" ಅಂದೆ. "ಅಯ್ಯೋ ಅಜ್ಜಿ, ಶಾಂತಲಾ ಅವರಪ್ಪ ಅಂತ ಕೂಗುದ್ರೆ ಅರ್ಧ ಮೈಸೂರೇ ಬಂದು ನಿಂತ್ಕತದೆ" ಎಂದು ನಕ್ಕಳು. ನನಗೆ ಕೋಪ ಬಂತು. ಪೆನ್ನು ಕಿತ್ತುಕೊಂಡು ನೀಲಕಂಠಸ್ವಾಮಿ, ಕಟ್ಟೆಮಳಲವಾಡಿ, ಹುಣಸೂರು ತಾಲ್ಲೂಕು ಎಂದು ದುಂಡಗೆ ಬರೆದು ಕೊಟ್ಟೆ. ಅವಳು ಮತ್ತೆ ಮತ್ತೆ ಕೂಗಿದಳು. ಅರಮನೆಯ ಸುತ್ತ ಅವರ ಹೆಸರೇ ಕೇಳಿಸುತ್ತಿತ್ತು. ಯಾರೂ ಬರಲಿಲ್ಲ.

ಆಮೇಲೆ, "ಆ ಮೈಕು ಇಲ್ ಕೊಡವ್ವ" ಅಂದೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಮನೆಯಲ್ಲಿ ದಿನಾ ಮಧ್ಯಾಹ್ನ ಕರೆಯುವುದು ಹೇಗೋ ಹಾಗೆಯೇ ಬಂತು: "ರೀ, ಎಲ್ಲಿದೀರಿ? ಕೈ ತೊಳ್ಕಂಡ್ ಬನ್ನಿ, ಮುದ್ದೆ ಆರೋಯ್ತದೆ." ತೋಟದ ತುಂಬ ಜನ ಗೊಳ್ಳೆಂದು ನಕ್ಕರು. ಯಾವನೋ ಒಬ್ಬ, "ಬಂದೆ ಕಣಜ್ಜಿ, ಸಾರೇನು?" ಎಂದು ಕೂಗಿದ. ನಾನು ತಲೆ ತಗ್ಗಿಸಲಿಲ್ಲ. ಇನ್ನೊಂದು ಸಲ ಕರೆದೆ.

ಬಂದರು. ದಸರೆಗೆಂದು ಕರೆತಂದಿರುವ ಆನೆಗಳ ಮಾವುತ ಒಬ್ಬ ಅವರನ್ನು ಕರೆದುಕೊಂಡು ಬಂದ. ಆನೆ ಕಟ್ಟಿದ ಕಡೆ, ಮೈಕಿನ ಕಂಬದ ಕೆಳಗೇ ನಿಂತಿದ್ದರಂತೆ. ಅವರ ಹೆಸರು ಕೂಗಿದಾಗಲೆಲ್ಲ ಆ ಮಾವುತನಿಗೆ, "ಪಾಪ, ನಮ್ ಕಡೆಯೋನು ಯಾರೋ ಕಳೆದೋಗವ್ನೆ ಕಣಪ್ಪ" ಅನ್ನುತ್ತಿದ್ದರಂತೆ. ನಾನು ಕರೆದದ್ದೇ, "ನಮ್ಮನೇಲಿ ಊಟಕ್ ಕರೀತಾವ್ರೆ" ಎಂದು ಆನೆಯ ನೀರಿನಲ್ಲಿ ಕೈ ತೊಳೆದು ಹೊರಟರಂತೆ. ನನ್ನ ಮುಂದೆ ಬಂದು ನಿಂತಾಗ ಅಂಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಚಪ್ಪಲಿಯನ್ನು ಕಾಲಿನ ಹತ್ತಿರ ಇಟ್ಟೆ. ಊರು ಸೇರುವವರೆಗೂ ಬಸ್ಸಿನಲ್ಲಿ ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದರು. ಹಿಂದಿನ ಸೀಟಿನ ಹೆಂಗಸರು, ಎಂಥ ಜೋಡಿ ನೋಡು ಎಂದು ಮೆಚ್ಚಿಕೊಂಡರು. ನಾನು ಕಿಟಕಿಯ ಕಡೆ ತಿರುಗಿದೆ.

ನೋಡಬೇಕಾದದ್ದನ್ನು ನೋಡಿ ಆಯಿತು, ಮಗಳೇ. ತಮ್ಮ ಹೆಸರಿಗೆ ತಾವೇ ಓಗೊಡದವರು ನನ್ನ ದನಿಗೆ ಮಾತ್ರ ಬರುತ್ತಾರೆ. ಈ ದನಿಯನ್ನು ಇಲ್ಲಿ ಬಿಟ್ಟು ನಾನು ಯಾದಗಿರಿಗೆ ಹೇಗೆ ಬರಲಿ? ನೆರೆಮನೆಗೆ ಹೋಗುವುದಕ್ಕೂ ನನಗೆ ಈಗ ಬಿಡುವಿಲ್ಲ. ನಿನ್ನ ಬಾಣಂತನಕ್ಕೆ ನಾನು ಬರಲಾರೆ. ನಿನ್ನತ್ತೆಯವರನ್ನು ಕರೆಸಿಕೊ. ಅವರು ಎಣ್ಣೆ ತಿಕ್ಕುವುದು ಮೆತ್ತಗೆ, ಮಗುವಿಗೆ ನೀರು ಹಾಕುವಾಗ ನೀನೇ ಪಕ್ಕದಲ್ಲಿರು. ಬಾಣಂತಿ ಖಾರದ ಪುಡಿ ಮಾಡಿ ಪಾರ್ಸಲ್ ಕಳಿಸುತ್ತೇನೆ.

ಅಳಿಯಂದಿರಿಗೂ ಮೊಮ್ಮಗುವಿಗೂ ನಮ್ಮಿಬ್ಬರ ಹಾರೈಕೆ. ನಿನಗೆ ಸುಖವಾಗಿ ಹೆರಿಗೆಯಾಗಲಿ. ಅತ್ತು ಕಣ್ಣು ಕೆಡಿಸಿಕೊಳ್ಳಬೇಡ.

ನಿನ್ನ ಅವ್ವ,
ಸಿದ್ದಲಿಂಗಮ್ಮ

ಮರೆತೆ: ಕಡಲೆಕಾಯಿ ಮುಗಿದಿರಬೇಕು, ನಿಮ್ಮಪ್ಪ ಕರೆಯುತ್ತಿದ್ದಾರೆ. ಈ ಕಾಗದ ಕೈ ಸೇರಿದ ಕೂಡಲೇ ಲಿಂಗರಾಜುವಿಗೆ ಫೋನು ಮಾಡು. ಅಪ್ಪನ ವಿಷಯ ಎಲ್ಲಾ ಹೇಳು, ಅವ್ವ ಒಬ್ಬಳ ಕೈಯಲ್ಲಿ ಆಗುತ್ತಿಲ್ಲ ಎನ್ನುವುದನ್ನೂ ಹೇಳು. ಒಂದೇ ಸೂರಿನಡಿ ಇದ್ದರೂ ಅವನ ಎದುರು ನಿಂತು ಹೇಳಲು ನನಗೆ ಬಾಯಿ ಬರುತ್ತಿಲ್ಲ. ಅವನಾಗಿ ಬಂದು ಕೇಳಿದರೆ ನಾನು ಹೌದು ಅನ್ನುತ್ತೇನೆ.