ಟ್ಯಾಂಕಿನ ಹೊರಗಿನ ಕಾವಲು

ಅಪ್ಪಾ,

ನಾನು ಇಲ್ಲಿ ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಪೆಟ್ರೋಲಿಯಂ ಟೆಕ್ನಾಲಜಿ ಓದುತ್ತಿದ್ದೇನೆ. ನೀವಿದ್ದಿದ್ದರೆ ಮಾತು ಬಿಡುತ್ತಿದ್ದಿರಿ.

ಇವತ್ತು ಅಭ್ಯಾಸದ ಟ್ಯಾಂಕಿನೊಳಗೆ ಸಹಪಾಠಿ ನಿಹಾರಿಕಾ ಹೋಗಿದ್ದಳು. ಹೊರಗೆ ನನ್ನ ಕಾವಲು. ಒಳಗಿದ್ದವರಿಗೆ ಏನೇ ಆಗಲಿ, ಕಾವಲಿನವರು ರೇಡಿಯೋದಲ್ಲಿ ಸಹಾಯ ಕರೆಯಬೇಕೇ ಹೊರತು ಒಳಗೆ ಕಾಲಿಡಬಾರದು. ವಿಷಾನಿಲವಿದ್ದರೆ ಇಬ್ಬರೂ ಸಾಯುತ್ತಾರೆ. ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಆ ಕ್ಲಾಸಿನಲ್ಲಿ ಯಾರೂ ಇಲ್ಲ.

ಇದ್ದಕ್ಕಿದ್ದಂತೆ ಅವಳ ಸದ್ದು ನಿಂತಿತು. ಕೂಗಿದೆ, ಉತ್ತರವಿಲ್ಲ. ಟಾರ್ಚು ಹಾಕಿ ನೋಡಿದರೆ ಬೋರಲು ಬಿದ್ದಿದ್ದಳು. ರೇಡಿಯೋ ನನ್ನ ಕೈಯಲ್ಲೇ ಇತ್ತು. ಮರುಕ್ಷಣ ನಾನು ಒಳಗಿದ್ದೆ, ಅವಳ ಭುಜ ಹಿಡಿದು ಎಳೆಯುತ್ತಿದ್ದೆ.

"ಅಯ್ಯೋ ಅಕ್ಕಾ, ಆಕ್ಟಿಂಗು! ಹೀಗೆ ಬಿದ್ಕೊಳ್ಳೋಕೆ ಸರ್ರೇ ಹೇಳಿದ್ರು," ಎಂದು ಎದ್ದು ಕೂತಳು.

ಹೊರಗಿನಿಂದ ಮೇಷ್ಟ್ರು ತಣ್ಣಗೆ ಹೇಳಿದರು: "ನೌ ಐ ಹ್ಯಾವ್ ಟೂ ಬಾಡೀಸ್." ಒಂದಲ್ಲ, ಎರಡು ಹೆಣ.

ಜೊತೆಗಾರನನ್ನು ಎಳೆದು ತರಲು ನೀವು ಟ್ಯಾಂಕಿಗಿಳಿದಾಗ ನಾನಿನ್ನೂ ಲಂಗ ಹಾಕುವ ಹುಡುಗಿ. ಮನೆಯಲ್ಲಿ ಮಗಳಿದ್ದಾಳೆ ಅನ್ನುವುದು ಆಗ ನೆನಪಾಗಲಿಲ್ಲವೇ ಎಂದು ನಿಮ್ಮ ಫೋಟೋದ ಜೊತೆ ಎಷ್ಟು ಜಗಳವಾಡಿದ್ದೇನೆ!

ಸಂಜೆ ಸ್ಯಾನ್ ರಮೋನ್‌ನ ಡೇಕೇರಿಗೆ ಹೋದೆ. ಮಗಳು ಲಾಸ್ಯಾ ಓಡಿಬಂದು ಕಾಲು ತಬ್ಬಿಕೊಂಡಳು. ಟ್ಯಾಂಕಿನೊಳಗೆ ನುಗ್ಗುವಾಗ ಇವಳು ನನಗೆ ನೆನಪಾಗಿರಲೇ ಇಲ್ಲ.