ಅರವತ್ತು ಮಂದಿ ಸಾಕು

ಧಾರವಾಡ
ಮಂಗಳವಾರ, ೧೨-೮-೨೦೨೫

ಶಾಣ್ಯಾಕಿ ಜಯಮಾಲಾಗೆ ಗುಡ್ಡವ್ವ ಅತ್ತೆಯ ಆಶೀರ್ವಾದ. ಸಿಟ್ಟಿನಲ್ಲಿದ್ದೇನೆ, ಆದರೂ ಆಶೀರ್ವಾದ.

ಫೋನಿನಲ್ಲಿ ಬೈದರೆ ‘ಅತ್ತಿ, ರೇಂಜ್ ಇಲ್ಲ’ ಅಂತ ಇಟ್ಟುಬಿಡುತ್ತೀ. ಕಾಗದಕ್ಕೆ ಆ ಸವಲತ್ತಿಲ್ಲ. ಪೂರ್ತಿ ಓದು.

ರವಿವಾರ ನೀನು ಗಬ್ಬೂರಿನಿಂದ ನನ್ನ ಖಾನಾವಳಿಗೆ ಬಂದೆ. ಬೆಂಚುಗಳು ಖಾಲಿ ಕಂಡವು. ಊಟದ ದರ ಅರವತ್ತರಿಂದ ಎಪ್ಪತ್ತೈದು ಮಾಡಿದ್ದೇನೆ, ದಿನಾ ನೂರು ಮಂದಿ ಬರುತ್ತಿದ್ದಲ್ಲಿ ಈಗ ಅರವತ್ತು ಮಂದಿ ಅಂತ ನಾನೇ ಹೇಳಿದೆ. ತಕ್ಷಣ ನಿನ್ನ ಕಾಲೇಜಿನ ಪಾಠ ಶುರುವಾಯಿತು. ದರ ನೂರಕ್ಕೆ ಇಪ್ಪತ್ತೈದು ಏರಿದೆ, ಮಂದಿ ನೂರಕ್ಕೆ ನಲವತ್ತು ಇಳಿದಿದ್ದಾರೆ. ನಲವತ್ತನ್ನು ಇಪ್ಪತ್ತೈದರಿಂದ ಭಾಗಿಸಿದರೆ ಒಂದು ಪಾಯಿಂಟ್ ಆರು. ಒಂದಕ್ಕಿಂತ ಹೆಚ್ಚು ಬಂದರೆ ದರ ಏರಿಸಿದವರಿಗೇ ಲುಕ್ಸಾನು. ಆರು ಸಾವಿರ ಬರುತ್ತಿದ್ದದ್ದು ನಾಲ್ಕೂವರೆ ಸಾವಿರಕ್ಕೆ ಬಂತು ನೋಡು ಅಂದೆ. ‘ಇದಕ್ಕ ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಂತಾರ, ಅತ್ತಿ. ನಿನಗ ತಿಳಿಯೂದಿಲ್ಲ ಬಿಡು’ ಅಂತ ಉಣ್ಣುವವರ ಎದುರಿಗೇ ಅಂದೆ.

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು, ಆ ಭಾಗಾಕಾರ ನನಗೆ ಬರುವುದಿಲ್ಲ. ನಿನ್ನ ಲೆಕ್ಕ ಸರಿ ಇದೆ. ಸಿಟ್ಟು ಅದಕ್ಕಲ್ಲ. ನಾನು ಹಿಟ್ಟಿನ ಗಿರಣಿಗೆ ಹೋದಾಗ ನೀನು ದರದ ಹಲಗೆಯ ಮೇಲಿನ ಎಪ್ಪತ್ತೈದು ಅಳಿಸಿ ಅರವತ್ತು ಬರೆದೆ, ಕೋಚಿಂಗ್ ಹುಡುಗರ ಮೊಬೈಲ್ ಗುಂಪಿಗೆ ಸುದ್ದಿ ಹಾಕಿದೆ, ಬಸ್ ಹತ್ತಿ ಹೋದೆ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಸೋಮವಾರ ಮಧ್ಯಾಹ್ನ ಉಣ್ಣುವವರ ಪಾಳಿ ರಸ್ತೆಯತನಕ ನಿಂತಿತ್ತು. ದಿನಾ ಮೂಲೆಯಲ್ಲಿ ಕೂತು ಉಣ್ಣುವ ಅಮೀನಸಾಬ ಮಾಸ್ತರರು, ‘ಗುಡ್ಡವ್ವಾರ, ಇವತ್ತ ಊಟ ಪುಕ್ಕಟ ಐತೇನ್ರಿ?’ ಅಂದರು. ‘ನಮ್ಮ ತಮ್ಮ ಅರ್ಜುನಪ್ಪನ ಮಗಳು ಶಾಣ್ಯಾ ಆಗ್ಯಾಳ್ರಿ, ಅದರ ಖುಷಿಗೆ’ ಅಂದೆ.

ಈಗ ಕೇಳು. ಮಂದಿ ಕಡಿಮೆ ಆಗಲಿ ಅಂತಲೇ ನಾನು ದರ ಏರಿಸಿದ್ದು. ನಮ್ಮಲ್ಲಿ ಉಣ್ಣಲು ಬಂದವರಿಗೆ ಇಲ್ಲ ಅಂದದ್ದಿಲ್ಲ, ರೊಟ್ಟಿ ಎಣಿಸಿ ಹಾಕಿದ್ದಿಲ್ಲ. ಬಾಗಿಲಲ್ಲಿ ನಿಂತು ‘ಮುಗದೈತಿ, ಹೋಗ್ರಿ’ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆ ಮಾತನ್ನು ಹಲಗೆ ಹೇಳುತ್ತಿತ್ತು. ಓಣಿಯಲ್ಲಿ ಇನ್ನೂ ಮೂರು ಖಾನಾವಳಿ ಇವೆ, ಯಾರೂ ಉಪವಾಸ ಬೀಳಲಿಲ್ಲ. ಅರವತ್ತು ಮಂದಿಗಾದರೆ ನಾನು ರೊಟ್ಟಿ ಬಡಿಯಬಲ್ಲೆ, ಖಾನಾವಳಿ ನಡೆಯುತ್ತದೆ. ನೂರು ಮಂದಿಗಾದರೆ ಬೀಗ ಹಾಕುವುದೇ. ಮಶೀನಿನ ರೊಟ್ಟಿ ತರಿಸು ಅನ್ನಬೇಡ, ಇನ್ನೊಂದು ಕಾಗದ ಬರುತ್ತದೆ.

ಅಂಗಡಿ ಇಟ್ಟವರಿಗೆಲ್ಲ ಗಿರಾಕಿ ಹೆಚ್ಚೇ ಬೇಕು ಅಂತ ನಿನಗೆ ಹೇಳಿದವರು ಯಾರು? ಲುಕ್ಸಾನು ಯಾವುದು ಅಂತ ನನ್ನನ್ನು ಕೇಳಬೇಕಿತ್ತು.

ಹಲಗೆಯ ಮೇಲೆ ಮತ್ತೆ ಎಪ್ಪತ್ತೈದು ಬಂದಿದೆ. ಆ ಗುಂಪಿಗೆ ನೀನೇ ತಿಳಿಸು, ತಪ್ಪು ನಿನ್ನದು ಅಂತ ಸೇರಿಸಿ ತಿಳಿಸು. ನಿಮ್ಮಪ್ಪನ ಮುಂದೆ ಮಾತ್ರ ಬಾಯಿ ಬಿಡಬೇಡ.

ಇನ್ನೂ ಸಿಟ್ಟು ಇಳಿಯದ ನಿನ್ನ ಅತ್ತೆ,
ಗುಡ್ಡವ್ವ

ತಾ.ಕ.: ಅಕ್ಷರ ನನ್ನವಲ್ಲ. ಪಲ್ಯ ಮಾಡುವ ಸುಮಲತಾಗೆ ಹೇಳಿ ಬರೆಸಿದ್ದು. ಸೋಮವಾರ ಅಷ್ಟು ಮಂದಿಗೆ ಬಡಿದು ಎದ್ದ ಮೇಲೆ ಬಲಗೈ ಬೆರಳು ಪೆನ್ನು ಹಿಡಿಯುತ್ತಿಲ್ಲ. ರೊಟ್ಟಿ ಕಡಿಮೆ ಮಾಡದಿದ್ದರೆ ಕೈ ಉಳಿಯುವುದಿಲ್ಲ ಅಂತ ಡಾಕ್ಟರು ಯುಗಾದಿ ಹೊತ್ತಿಗೇ ಹೇಳಿದ್ದರು. ನಿಮ್ಮಪ್ಪನಿಗೆ ಗೊತ್ತಾದರೆ ಅಂದೇ ಬಂದು ಬಾಗಿಲು ಹಾಕಿಸುತ್ತಾನೆ. ಬರುವ ರವಿವಾರ ಲಗೂ ಬಾ, ಹಿಟ್ಟು ನಾದುವವರು ಬೇಕು.