ಮೂರು ಬೂದು ಗುಂಡುಪಿನ್ನು

ಹಾರ್ಲ್‌ಡೇಲ್
ಬುಧವಾರ, ಮೇ 6, 2009

ವಿನಿ ಅಜ್ಜಿಗೆ,

ಬಾಗ್ಲು ತೆಗೀಬೇಡ. ಬೇಕಾದ್ರೆ ಇನ್ನೊಂದು ಚಿಲ್ಕಾನೂ ಹಾಕ್ಕೋ. ಆದ್ರೆ ಈ ಕಾಗ್ದಾನ ಮಾತ್ರ ಒಲೆಗೆ ಹಾಕೋಕ್ ಮುಂಚೆ ಪೂರ್ತಿ ಓದು. ನಾನು ಇಷ್ಟುದ್ದ ಏನನ್ನೂ ಬರ್ದಿರ್ಲಿಲ್ಲ, ಸ್ಕೂಲಲ್ಲೂ ಬರ್ದಿರ್ಲಿಲ್ಲ. ಮೂರು ಸಲ ಹರ್ದು ಹಾಕಿ ಇದು ನಾಲ್ಕನೇದು.

ಶನಿವಾರ ಥ್ರಾಸ್‌ಗಿಲ್ ಹೆಸರಿನೋರ ಸಂಘದ ವರ್ಷದ ಸಭೆ, ಹನ್ನೊಂದು ಗಂಟೆಗೆ, ಚಾಪೆಲ್ ಪಕ್ಕದ ಹಾಲಲ್ಲಿ. ನೀನು ಬರ್ಬೇಕು. ಹಿಂದ್ಗಡೆ ಟೀ ಪಾತ್ರೆ ಹತ್ರ ನಿಂತ್ಕೊಳೋಕಲ್ಲ. ಮುಂದಿನ ಸಾಲಲ್ಲಿ, ನನ್ ಪಕ್ಕದಲ್ಲಿ ಕೂರೋಕೆ. ಅಪ್ಪನೂ ಬರ್ತಾನೆ. ಬರ್ತೀನಿ ಅಂತ ಬಾಯ್ಬಿಟ್ಟು ಹೇಳಿಲ್ಲ, ಅವನ ವಿಷ್ಯ ನಿಂಗೆ ಗೊತ್ತಲ್ಲ. ಲಾರಿ ಕೆಲ್ಸಕ್ಕೆ ರಜಾ ಹಾಕಿ ಶೂಗೆ ಪಾಲಿಶ್ ಹೊಡೀತಾ ಕೂತಿದ್ದ.

ಯಾಕೆ ಬರ್ಬೇಕು ಅಂದ್ರೆ, ಶನಿವಾರ ಸಂಘದ ಆ ಲೆನರ್ಡ್ ತನ್ನ ಪುಸ್ತಕಾನ ಓಟಿಗೆ ಹಾಕ್ತಾನೆ. ಥ್ರಾಸ್‌ಗಿಲ್ ಅನ್ನೋ ಹೆಸರು ಎಲ್ಲಿ ಹುಟ್ತು, ಎಲ್ಲೆಲ್ಲಿ ಹೋಯ್ತು ಅಂತ ಇಪ್ಪತ್ತು ವರ್ಷದಿಂದ ಬರೀತಿದಾನಲ್ಲ, ಅದು. ಅದ್ರ ಕರಡು ನಂಗೂ ಕಳ್ಸಿದ್ರು. ನೂರ ನಲವತ್ತನೇ ಪುಟದಲ್ಲಿ ನಮ್ಮ ಬಗ್ಗೆ ಒಂದೇ ಸಾಲು: "ಹಾರ್ಲ್‌ಡೇಲ್ ಶಾಖೆ: ಬಹುಶಃ 1950ರ ನಂತರ ತಂದೆತನ ಅನಿಶ್ಚಿತ." ಅಜ್ಜೀ, 1950ರ ನಂತರ ಈ ಕಣಿವೆಯಲ್ಲಿ ಥ್ರಾಸ್‌ಗಿಲ್ ಮನೆಗೆ ಮದ್ವೆ ಆಗಿ ಬಂದ ಹೆಂಗಸು ನೀನೊಬ್ಳೇ. ನನ್ನಮ್ಮನ್ನ ಲೆಕ್ಕಕ್ಕೆ ಇಟ್ಕೋಬೇಡ, ಅವ್ಳು ಎರಡು ವರ್ಷ ಇದ್ದು ಹೋದ್ಳು, ಮತ್ತೆ ನನ್ ಮೂಗು ನೋಡಿದ್ರೇ ಸಾಕು ಅಪ್ಪಂದೇ ಅಂತ ಗೊತ್ತಾಗತ್ತೆ. ನಿನ್ ಹೆಸ್ರು ಬರೀದೆ ನಿನ್ನನ್ನ ಬರ್ದಿದಾನೆ ಅವ್ನು. ಅದನ್ನ ಅಚ್ಚು ಹಾಕಿ ಲೈಬ್ರರಿ ಲೈಬ್ರರಿಗೆ ಕಳಿಸ್ತಾರಂತೆ. ಕಳಿಸೋಕೆ ನಾನು ಬಿಡಲ್ಲ.

ಫೆಬ್ರವರಿ ಸಭೆ ನೀನು ಮರ್ತಿರಲ್ಲ. ನಂಗಂತೂ ದಿನಾ ಬೆಳಗ್ಗೆ ಎದ್ದಾಗ ನೆನಪಾಗತ್ತೆ. ಆ ದೊಡ್ಡ ನಕ್ಷೆ ಗೋಡೆ ಮೇಲೆ. 1600ರ ನಕ್ಷೆಯಲ್ಲಿ ಕೆಂಪು ಪಿನ್ನೆಲ್ಲ ನಮ್ಮ ಕಣಿವೆಯಲ್ಲೇ, ಇಡೀ ಇಂಗ್ಲೆಂಡ್ ಖಾಲಿ. 1841ಕ್ಕೆ ಬರೋ ಹೊತ್ಗೆ ಬೆಟ್ಟದಾಚೆ ಇಳ್ದು ಬರ್ನ್ಲಿ, ನೆಲ್ಸನ್, ಹತ್ತಿ ಮಿಲ್ ಇರೋ ಕಡೆ ಎಲ್ಲ ಚೆಲ್ಲಿದ ಹಾಗೆ. ಆಮೇಲೆ ಲಂಡನ್ ಕಡೆ ಒಂದಷ್ಟು, ಕೆನಡಾದಲ್ಲಿ ಒಂದು ಗೊಂಚಲು. ಇಲ್ಲಿ ಬರ್ತಾ ಬರ್ತಾ ಕಮ್ಮಿ. ಈಗಿನ ನಕ್ಷೆಯಲ್ಲಿ ಹಾರ್ಲ್‌ಡೇಲ್‌ಗೆ ಮೂರೇ ಪಿನ್ನು: ನೀನು, ಅಪ್ಪ, ನಾನು. ಲೆನರ್ಡ್ ಎದ್ದು ಬಂದು ಆ ಮೂರನ್ನೂ ಕಿತ್ತು ಬೂದು ಬಣ್ಣದ್ದು ಚುಚ್ಚಿದ. ಹಲ್ಲಿನ ಡಾಕ್ಟ್ರಾಗಿದ್ದನಂತೆ ಲಂಡನ್ ಪಕ್ಕದ ಸರ್ರಿಯಲ್ಲಿ, ಕೀಳೋ ರೀತೀಲೇ ಗೊತ್ತಾಯ್ತು. ಹೆಸ್ರು ಅಪ್ಪನಿಂದ ಮಗನಿಗೆ ಬರತ್ತೆ, ರಕ್ತದಲ್ಲೂ ಒಂದು ಗುರುತು ಅಪ್ಪನಿಂದ ಮಗನಿಗೇ ಬರತ್ತೆ, ಎರಡೂ ಜೊತೇಲೇ ಹೋಗ್ಬೇಕು, ಈ ಹುಡುಗನ ಎಂಜಲು ಪರೀಕ್ಷೆ ಮಾಡಿದ್ವಿ, ಅವನ ಗುರುತು ನಮ್ಮ ಯಾರ ಜೊತೇನೂ ಹೊಂದಲ್ಲ ಅಂತ ವಿವರಿಸ್ದ. ಆಮೇಲೆ ಹೇಳ್ದ:

"ಈ ಕಣಿವೆಯಲ್ಲಿ ಈಗ ನಿಜವಾದ ಥ್ರಾಸ್‌ಗಿಲ್‌ಗಳು ಯಾರೂ ಉಳ್ದಿಲ್ಲ ಅಂತ ಹೇಳೋಕೆ ಬೇಜಾರಾಗತ್ತೆ."

ಬೇಜಾರಂತೆ. ನೀನು ಕರ್ಡ್ ಟಾರ್ಟ್ ಕತ್ತರಿಸ್ತಾ ನಿಂತಿದ್ದೆ, ಅವ್ರಿಗೆ ಅಂತಾನೇ ಎರಡು ದಿನದಿಂದ ಹಾಲು ಒಡ್ಸಿ ಮಾಡಿದ್ದ ಸಿಹಿ. ಅರವತ್ತು ಜನ ನಿನ್ ಕಡೆ ತಿರುಗಿದ್ರು. ಆಮೇಲೆ ಅದೇ ಟಾರ್ಟ್ ತಿಂದ್ರು. ಒಬ್ಬನೂ ಬಿಡ್ಲಿಲ್ಲ.

ಪೋಸ್ಟಾಫೀಸ್ ಡೋರೀನ್ ಮಾರ್ನೇ ದಿನ ನನ್ನ ತಡ್ದು, ಪಾಪ ವಿನಿ ಚಿಕ್ಕವಳಿದ್ದಾಗ ನೋಡೋಕೆ ತುಂಬಾ ಚೆನ್ನಾಗಿದ್ಳು ಅಂದ್ಳು. ಅಷ್ಟೇ ಅಂದಿದ್ದು. ಪಬ್ಬಲ್ಲಿ ಆ ಟ್ರ್ಯಾಕ್ಟರ್ ರಿಪೇರಿ ಮಾಡೋ ಡೀನ್ ಅಷ್ಟಕ್ಕೇ ಬಿಡ್ಲಿಲ್ಲ. "ಏನೋ ಜೆಡ್, ಇನ್ಮೇಲೆ ನಿನ್ನ ಏನಂತ ಕರೀಬೇಕೋ? ಹಾಲು ಹಾಕೋನ ಹೆಸ್ರಿಡೋಣ್ವಾ?" ಅಂದ. ನಾನೇನ್ ಮಾಡ್ದೆ ಅಂತ ಬರಿಯಲ್ಲ, ನೀನು ಚಾಪೆಲ್‌ಗೆ ಹೋಗೋಳು. ಈಗ ಅವ್ನು ಉಸಿರಾಡ್ವಾಗ ಮೂಗಲ್ಲಿ ಸಿಳ್ಳೆ ಶಬ್ದ ಬರತ್ತೆ.

ಆದ್ರೆ ಹೊಡ್ದು ಪುಸ್ತಕ ನಿಲ್ಸೋಕಾಗಲ್ಲ. ಅದಕ್ಕೆ ನಾನು ನಾರ್ತಲರ್ಟನ್‌ಗೆ ಹೋದೆ, ಹಳೇ ದಾಖಲೆ ಇಡೋ ಕಚೇರಿಗೆ. ಎರಡು ಬಸ್ಸು. ಕಲ್ಲುಗೋಡೆ ಕಟ್ಟೋ ಕೆಲ್ಸ ಇಲ್ದಿದ್ ದಿನ ಎಲ್ಲ, ಒಟ್ಟು ಒಂಬತ್ತು ಸಲ. ಮೊದಲ್ನೇ ದಿನ ಪೆನ್ನು ತಗೊಂಡು ಹೋಗಿದ್ದೆ, ಒಳಗೆ ಬಿಡ್ಲಿಲ್ಲ, ಪೆನ್ಸಿಲ್ಲೇ ಅಂತೆ. ಕೈ ತೊಳ್ಕೊಂಡ್ ಬಾ ಅಂತ ಎರಡು ಸಲ ಕಳ್ಸಿದ್ರು. ಕಲ್ಲು ಕಟ್ಟೋನ ಕೈ ಎಷ್ಟು ತೊಳೆದ್ರೂ ಅಷ್ಟೇ. ಹಳೇ ಬರವಣಿಗೆ ಒಂದಕ್ಷರ ತಿಳೀಲಿಲ್ಲ, ಎದ್ದು ಬಂದ್ಬಿಡೋಣ ಅಂತ ಕುರ್ಚಿ ಹಿಂದಕ್ಕೆ ತಳ್ದೆ. ಅಲ್ಲಿ ಕೆಲ್ಸ ಮಾಡೋ ಹೆಂಗಸು ಬಂದು, ಓದೋಕೆ ಹೋಗ್ಬೇಡ ತಮ್ಮಾ, ಮೊದ್ಲು ಒಂದೊಂದಕ್ಷರ ನೋಡ್ಕೊಂಡು ಹಂಗಂಗೇ ಬರಿ ಅಂದ್ರು. ಬರ್ದೆ. ನಾಲ್ಕನೇ ಸಲಕ್ಕೆ ಓದೋಕ್ ಬಂತು. ಸ್ಕೂಲಲ್ಲಿ ನಂಗೆ ಯಾರೂ ಹಂಗೆ ಹೇಳ್ಕೊಡ್ಲಿಲ್ಲ.

ಈಗ ಕೇಳು.

ಥ್ರಾಸ್‌ಗಿಲ್ ಅನ್ನೋದು ಮೊದ್ಲು ಯಾರ ಹೆಸ್ರೂ ಅಲ್ಲ. ಬೆಟ್ಟದ್ ಮೇಲಿನ ಆ ಮನೆ ಹೆಸ್ರು, ನೀನು ಮೂವತ್ತೆಂಟು ವರ್ಷ ಹಾಲು ಕರ್ದ ಮನೆ. ಲೆನರ್ಡ್ ಪುಸ್ತಕದಲ್ಲೇ ಇದೆ: ಮೊದಲ್ನೇ ಥ್ರಾಸ್‌ಗಿಲ್ ಅಂದ್ರೆ ಯಾರೋ ಆಡಮ್, ಆರ್ನೂರು ವರ್ಷದ ಹಿಂದೆ ಆ ಮನೇಲಿ ಗೇಣಿಗಿದ್ದೋನು. ಅವನಪ್ಪನಿಗೆ ಬೇರೆ ಹೆಸ್ರು. ಅಂದ್ರೆ ಆ ಮೊದಲ್ನೇವ್ನಿಗೂ ಹೆಸ್ರು ಕೊಟ್ಟಿದ್ದು ಅಪ್ಪ ಅಲ್ಲ, ಮನೆ. ಇದನ್ನ ಬರ್ದೋನು ಮುಂದಿನ ಪುಟದಲ್ಲೇ ಅದನ್ನ ಮರ್ತಿದಾನೆ.

1797ರಲ್ಲಿ ಊರಿನ ಬಡವ್ರ ಜವಾಬ್ದಾರಿ ನೋಡ್ಕೊಳ್ತಿದ್ದ ಹಿರಿಯರ ಪುಸ್ತಕ ಒಂದಿದೆ. ಅದ್ರಲ್ಲಿ ಚರ್ಚ್ ಮೆಟ್ಟಿಲ ಮೇಲೆ ಸಿಕ್ಕಿ ಬೆಳ್ದ ಒಂಬತ್ತು ವರ್ಷದ ಟಾಮ್ ಅನ್ನೋನನ್ನ ಥ್ರಾಸ್‌ಗಿಲ್ ಮನೆಗೆ ಕುರಿ ಕಾಯೋಕೆ ಕೊಟ್ರು ಅಂತ ಬರ್ದಿದೆ. ಐದು ವರ್ಷ ಆದ್ಮೇಲೆ ಆ ಮನೆಯೋರು, ಅಂದ್ರೆ ಲೆನರ್ಡ್‌ನ ರಕ್ತದ ಥ್ರಾಸ್‌ಗಿಲ್‌ಗಳು, ಗೇಣಿ ಬಿಟ್ಟು ಮಿಲ್ ಕಡೆ ಹೋದ್ರು. ಕುರಿ ಬಿಟ್ಟೇ ಹೋದ್ರು. ಇದು ನಂಗೂ ನಿಂಗೂ ಗೊತ್ತಿರೋ ವಿಷ್ಯ, ಸರ್ರಿಯಲ್ಲಿ ಯಾರಿಗೂ ಗೊತ್ತಿಲ್ಲ. ಬೇಲಿ ಇಲ್ದಿರೋ ಬೆಟ್ಟದಲ್ಲಿ ಕುರಿ ತನ್ನ ಜಾಗ ಅಮ್ಮನ ಹಿಂದೆ ನಡ್ದು ಕಲಿಯತ್ತೆ. ಅದನ್ನ ಬೇರೆ ಕಡೆ ಹೊಡ್ಕೊಂಡು ಹೋದ್ರೆ ವಾಪಸ್ ಬರತ್ತೆ. ಹೊಸ ಕುರಿ ತಂದು ಬಿಟ್ರೆ ನಿಲ್ಲಲ್ಲ. ಅದಕ್ಕೆ ಇಲ್ಲಿ ಗೇಣಿದಾರ ಹೋಗ್ತಾನೆ, ಹಿಂಡು ಮನೇ ಜೊತೆ ಉಳಿಯತ್ತೆ, ಯಾವ ಮನೇದು ಅಂತ ಕುರಿ ಭುಜದ ಮೇಲೆ ಹಾಕೋ ಕೆಂಪು ಗೆರೇನೂ ಉಳಿಯತ್ತೆ. ತಾತ ಗೇಣಿ ಬಿಟ್ಟಾಗ ನೀವೂ ಹಂಗೇ ಬಿಟ್ಟು ಬಂದ್ರಲ್ಲ.

ಟಾಮ್ ಕುರಿ ಜೊತೆ ಉಳ್ಕೊಂಡ. 1813ರ ಮದ್ವೆ ಪುಸ್ತಕದಲ್ಲಿ ಇದಾನೆ: ಥಾಮಸ್ ಥ್ರಾಸ್‌ಗಿಲ್, ಕುರುಬ. ಸಹಿ ಬರಲ್ಲ, ಒಂದು ಇಂಟು ಗುರುತು ಹಾಕಿದಾನೆ. ಪಕ್ಕದಲ್ಲಿ ಪಾದ್ರಿ ಚಿಕ್ಕದಾಗಿ ಬರ್ದಿದಾನೆ, ಇವನ ತಂದೆ ಯಾರೋ ಗೊತ್ತಿಲ್ಲ, ಇರೋ ಮನೆ ಹೆಸ್ರಲ್ಲೇ ಎಲ್ರೂ ಕರೀತಾರೆ ಅಂತ. ಆ ಸಾಲು ಓದ್ತಿದ್ದಂಗೆ ನಾನು ಜೋರಾಗಿ ಏನೋ ಅಂದ್ಬಿಟ್ಟೆ, ಇಡೀ ರೂಮು ತಿರುಗಿ ನೋಡ್ತು. ಟಾಮ್‌ನಿಂದ ಎರ್ನೆಸ್ಟ್ ತಾತನವರ್ಗೂ ಆರು ತಲೆ, ಟಾಮ್ ಬಿಟ್ಟು ಉಳ್ದ ಐದೂ ಜನ ಅದೇ ಮನೇಲಿ ಹುಟ್ಟಿದ್ದು, ಒಂದೊಂದಕ್ಕೂ ನನ್ ಹತ್ರ ನಕಲಿದೆ.

ನಾನು ಲೆನರ್ಡ್‌ಗೆ ಹೊಂದಲ್ಲ, ಸರಿ. ಹೆಂಗ್ ಹೊಂದ್ಲಿ? ಅವನೋರು ಎದ್ದು ಹೋದ್ರು, ನಮ್ಮೋನು ಉಳ್ದ. ಬೆಟ್ಟದ ಮೇಲೆ ಇನ್ನೂರು ವರ್ಷ ಆ ಹೆಸ್ರು ಬದ್ಕಿದ್ದು ಟಾಮ್‌ನಿಂದ. ನಮ್ಮ ಪಿನ್ನು ಬೂದು ಆದ್ರೆ, ಆಡಮ್‌ನ ಪಿನ್ನೂ ಬೂದೇ.

ಇದನ್ನೇ ಶನಿವಾರ ಎದ್ದು ನಿಂತು ಓದ್ತೀನಿ. ಲೆನರ್ಡ್‌ಗೆ ಮೊನ್ನೆ ಫೋನ್ ಮಾಡಿ ಹೇಳ್ದೆ. ಕುತೂಹಲದ ವಿಷ್ಯ, ಆದ್ರೆ ಪುಸ್ತಕ ಪ್ರೆಸ್ಸಿಗೆ ಹೋಗೋ ಹಂತದಲ್ಲಿದೆ, ಮುಂದೆ ನೋಡೋಣ ಅಂದ. ನೋಡೋದಲ್ಲ, ಆ ಸಾಲು ತೆಗೀಬೇಕು, ಟಾಮ್ ಹೆಸ್ರು ಹಾಕ್ಬೇಕು, ಇಲ್ಲಾಂದ್ರೆ ಸಭೆ ಮುಗಿಯೋಕೆ ಬಿಡಲ್ಲ ಅಂದೆ. ನೀನೇನು ಓದಿದೀಯಪ್ಪಾ ಅಂತ ಕೇಳ್ದ. ನಿಮ್ ಪುಸ್ತಕ ಓದಿದೀನಿ, ಅದಕ್ಕೇ ಕೋಪ ಅಂದೆ.

ಇಷ್ಟು ಬರ್ದು ನಿಲ್ಸಿದ್ರೆ ನಾನು ದೊಡ್ಡ ಗಂಡ್ಸು. ಆದ್ರೆ ನೀನು ಬಾಗ್ಲು ಹಾಕ್ಕೊಂಡಿರೋದು ಲೆನರ್ಡ್‌ಗೆ ಹೆದ್ರಿ ಅಲ್ಲ, ಡೋರೀನ್‌ಗೆ ನಾಚ್ಕೊಂಡೂ ಅಲ್ಲ. ಊರೆಲ್ಲ ಹಂಗಂದ್ಕೊಂಡಿದೆ, ನಾನೂ ಹಂಗೇ ಹೇಳ್ಕೊಂಡು ಓಡಾಡ್ದೆ. ಅವತ್ತು ಸಾಯಂಕಾಲ ನಿನ್ ಅಡ್ಗೆಮನೇಲಿ ಕೂತು, ನೀನ್ ಮಾಡಿದ ಟೀ ಕುಡೀತಾ, "ಅಪ್ಪ ಯಾರ್ ಮಗ, ಅಜ್ಜಿ?" ಅಂತ ಕೇಳಿದ್ದು ನಾನು.

ಅರವತ್ತು ಜನ ಬರೀ ನೋಡಿದ್ರು. ಬಾಯ್ಬಿಟ್ಟು ಕೇಳಿದ್ದು ನಾನೊಬ್ನೇ.

ನೀನು ಟಾರ್ಟ್ ಕುಯ್ದ ಚಾಕು ತೊಳ್ದೆ, ಒರ್ಸಿ ಡ್ರಾಯರ್ ಒಳಗಿಟ್ಟೆ. "ನಿನ್ ಕೋಟ್ ತಗೊಂಡ್ ಹೋಗು" ಅಂದೆ. ಅದೇ ಕೊನೇ ಮಾತು. ಅವತ್ತಿಂದ ಹತ್ತು ವಾರ ಆಯ್ತು.

ಅಪ್ಪಂಗೆ ಇದು ಗೊತ್ತಿರ್ಲಿಲ್ಲ. ಮೊನ್ನೆ ಭಾನುವಾರ ಹೇಳ್ದೆ. ಬೈತಾನೆ ಅಂದ್ಕೊಂಡೆ. ತಟ್ಟೆ ಪಕ್ಕಕ್ಕಿಟ್ಟು, ನಾನು ನಲವತ್ತೇಳು ವರ್ಷ ಬದ್ಕಿದೀನಿ, ಆ ಪ್ರಶ್ನೆ ನಂಗೆ ಯಾವತ್ತೂ ಬೇಕಾಗ್ಲಿಲ್ಲ, ನಿಂಗ್ಯಾಕೋ ಬೇಕಾಯ್ತು ಅಂದ. ಅವತ್ತಿಂದ ಅದನ್ನೇ ಯೋಚಿಸ್ತಿದೀನಿ. ಈಗ ಸ್ವಲ್ಪ ಉತ್ರ ಸಿಕ್ಕಿದೆ. ಸ್ಕೂಲ್ ಬಿಟ್ಟೋನು, ಅಮ್ಮ ಬಿಟ್ ಹೋದೋನು, ನನ್ ಹತ್ರ ಇದ್ದಿದ್ದೇ ಆ ಹೆಸ್ರು. ಇಡೀ ಪ್ರಪಂಚದಲ್ಲಿ ಇನ್ನೂರು ಚಿಲ್ರೆ ಜನಕ್ಕೆ ಮಾತ್ರ ಇರೋ ಹೆಸ್ರು, ಅದ್ರ ಬೇರು ನಮ್ಮ ಬೆಟ್ಟ. ಅದನ್ನ ಕಿತ್ರು ಅಂದಾಗ ಆ ಕೋಪಾನ ಯಾರ ಮೇಲಾದ್ರೂ ಹಾಕ್ಬೇಕಿತ್ತು. ಎದುರಿಗೆ ನೀನಿದ್ದೆ. ಇದು ನೆಪ ಅಲ್ಲ, ಇಷ್ಟೇ ಆಗಿದ್ದು.

ತಪ್ಪಾಯ್ತು ಅಜ್ಜಿ. ಬರ್ಯೋಕೂ ಕಷ್ಟ ಆಗ್ತಿದೆ, ಎದ್ರಿಗೆ ಹೇಳೋಕೆ ಇನ್ನೂ ಕಷ್ಟ ಆಗತ್ತೆ, ಆದ್ರೂ ಹೇಳ್ತೀನಿ, ನೀನು ಹೇಳಿದ್ ಜಾಗದಲ್ಲಿ. ಸಭೇಲೇ ಹೇಳು ಅಂದ್ರೆ ಸಭೇಲೇ.

ಶನಿವಾರ ಹತ್ತೂವರೆಗೆ ಅಪ್ಪನೂ ನಾನೂ ನಿನ್ ಗೇಟ್ ಹತ್ರ ನಿಂತಿರ್ತೀವಿ. ಕದ ತಟ್ಟಲ್ಲ. ಹತ್ತೂ ಐವತ್ತರವರ್ಗೂ ನಿಂತಿರ್ತೀವಿ. ನೀನು ಬರದೆ ಇದ್ರೆ ಒಬ್ನೇ ಎದ್ದು ಓದ್ತೀನಿ, ಓದೋದಂತೂ ಬಿಡಲ್ಲ. ಟಾರ್ಟ್ ಮಾತ್ರ ಮಾಡ್ಬೇಡ. ಈ ಸಲ ಅವ್ರು ಅಂಗ್ಡಿ ಬಿಸ್ಕತ್ತು ತಿನ್ಲಿ.

ನಿನ್ನ ಮೊಮ್ಮಗ,
ಜೆಡ್ ಥ್ರಾಸ್‌ಗಿಲ್

ಮರ್ತಿದ್ದು: ನೆಲ್ಸನ್‌ನಲ್ಲಿ ಹರಾಲ್ಡ್ ಅಂತ ಒಬ್ರಿದಾರೆ, ತಾತನ ತಾತನ ತಮ್ಮ ಮಿಲ್ ಕೆಲ್ಸಕ್ಕೆ ಹೋದ್ರಲ್ಲ, ಅವರ ಗಂಡುಮಕ್ಕಳ ಕಡೆಯವ್ರು, ಅಂದ್ರೆ ಅವ್ರೂ ಟಾಮ್ ರಕ್ತಾನೇ. ಏಪ್ರಿಲ್‌ನಲ್ಲಿ ಹೋಗಿ ಅವ್ರ ಎಂಜಲನ್ನೂ ತಗೊಂಡು ಪರೀಕ್ಷೆಗೆ ಕಳ್ಸಿದ್ದೆ, ಯಾರಿಗೂ ಹೇಳ್ಲಿಲ್ಲ. ಪಾದ್ರಿ ಬರ್ದಿದ್ದು ಸಿಕ್ಕ ಮೇಲೂ ಕಳ್ಸಿದ್ದೆ, ಅದೂ ಗೊತ್ತಿರ್ಲಿ ನಿಂಗೆ. ಅವ್ರದ್ದು ನನ್ ಜೊತೆ ಹೊಂದಿದ್ರೆ ನಿನ್ ಮೇಲಿನ ಮಾತಿಗೆ ಅಲ್ಲಿಗೆ ಮಣ್ಣು. ಹೊಂದ್ದೆ ಇದ್ರೆ ಏನು ಅಂತ ಬರ್ಯೋ ಅವಶ್ಯ ಇಲ್ಲ. ಉತ್ರ ನಿನ್ನೆ ಬಂತು. ಈ ಕಾಗ್ದದ ಜೊತೆ ಇರೋ ಬಿಳಿ ಲಕೋಟೆ ಅದೇ. ಅಂಟು ಹಂಗೇ ಇದೆ, ನೋಡ್ಕೋ. ತೆಗ್ದು ಓದು, ಇಲ್ಲಾ ಒಲೆಗೆ ಹಾಕು. ನಾನು ಕೇಳಲ್ಲ.